ಕೊಟ್ಟೂರಿಗೆ ಹೋದ ಬಾಡಿಗೆ

ಯಾರಿಗೇ ಆಗಲಿ ಫೋನಿನಿಂದ ದುಡ್ಡು ಕಳಿಸಬೇಕಾದರೆ ನಾನು ಮೊದಲು ಒಂದು ರೂಪಾಯಿ ಕಳಿಸಿ "ಬಂತಾ?" ಎಂದು ಕೇಳುತ್ತೇನೆ. ಬಂತು ಎಂದ ಮೇಲೆಯೇ ಉಳಿದದ್ದು. ಹರಪನಹಳ್ಳಿ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಾರುವ ಹೆಂಗಸು ನನ್ನನ್ನು ದೂರದಿಂದಲೇ ನೋಡಿ, "ಒಂದ್ರೂಪಾಯಿ ಮೇಷ್ಟ್ರು ಬಂದ್ರು" ಎನ್ನುತ್ತಾಳೆ. ಹತ್ತು ರೂಪಾಯಿಯ ಮಂಡಕ್ಕಿಗೆ ಎರಡು ಸಲ ಗುಪ್ತಸಂಖ್ಯೆ ಒತ್ತುವ ಗಿರಾಕಿ ನಾನೊಬ್ಬನೇ. ಹಿಂದೆ ನಿಂತವರು ಗೊಣಗುತ್ತಾರೆ. ನಾನು ಕಾಲೇಜಿನಲ್ಲಿ ಹೇಳುವ ಪಾಠದ ಹೆಸರು 'ಹಣ ಮತ್ತು ಬ್ಯಾಂಕಿಂಗ್' ಎಂದು ಅವರಿಗೆ ಗೊತ್ತಿಲ್ಲದಿರುವುದೇ ಒಳ್ಳೆಯದು.

ಈ ಚಟ ಹತ್ತಿದ್ದು ಬಾಡಿಗೆಯಿಂದ. ಬಾಡಿಗೆ ಎಂಬ ವಿಷಯದಲ್ಲಿ ನನಗೆ ಚಿಕ್ಕಂದಿನಿಂದಲೂ ಸ್ವಲ್ಪ ಗಲಿಬಿಲಿ. ನಮ್ಮೂರು ತಂಬ್ರಹಳ್ಳಿ. ಅಲ್ಲಿ ನಾನು ಮೊದಲು ಕಂಡ ಬಾಡಿಗೆ ಮನೆಯದಲ್ಲ, ಸೈಕಲ್ಲಿನದು. ಅಂಗಡಿಯವನು ನಾವು ಸೈಕಲ್ ಒಯ್ದ ಹೊತ್ತನ್ನು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ನಮ್ಮ ಕೈಯಲ್ಲಿ ಗಡಿಯಾರ ಇರಲಿಲ್ಲ. ತಾಸು ಮುಗಿಯಿತೋ ಇಲ್ಲವೋ ತಿಳಿಯದೆ ನಾನು ಐದು ನಿಮಿಷಕ್ಕೊಮ್ಮೆ ಅಂಗಡಿಯ ಮುಂದೆ ಬಂದು, "ಆತೇನಣ್ಣಾ?" ಎಂದು ಕೇಳುತ್ತಿದ್ದೆ. "ಇನ್ನೂ ಆಗಿಲ್ಲ, ಹೋಗಲೇ" ಎನ್ನುತ್ತಿದ್ದ. ಹೀಗೆ ಕೇಳಲು ಬರುವುದರಲ್ಲೇ ತಾಸು ಕಳೆದು, ಊರಾಚೆ ಒಂದು ಸಲವೂ ಸೈಕಲ್ ಹೊಡೆದವನಲ್ಲ ನಾನು. ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡಾಗ ಆಗುವ ಆ ಕಳವಳ ಈಗಲೂ ಹೋಗಿಲ್ಲ.

ಹರಪನಹಳ್ಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸ ಸಿಕ್ಕಾಗ ಮದುವೆಯಾಗಿ ಮೂರು ವರ್ಷವಾಗಿತ್ತು. ಹೆಂಡತಿ ಸುಜಾತಾ, ಎರಡು ವರ್ಷದ ಮಗಳು, ನಾನು. ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದವು. ಮನೆಗಳೇನೋ ಖಾಲಿ ಇದ್ದವು. ಬಾಗಿಲು ತೆಗೆದು ಕೋಣೆ ತೋರಿಸಿ, ನಲ್ಲಿ ತಿರುಗಿಸಿ ನೀರು ತೋರಿಸಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದರು: "ನೀವು ಯಾವ ಪೈಕಿ ಆತ್ರಿ?" ನಮ್ಮದು ಅಪ್ಪನ ಕಾಲಕ್ಕೇ ಬುದ್ಧನ ಪಟ ಬಂದ ಮನೆ. ಅಷ್ಟು ಹೇಳಿದರೆ ಸಾಕಾಗುತ್ತಿತ್ತು. ಆ ಮನೆ ನಿನ್ನೆಯೇ ಯಾರಿಗೋ ಮಾತಾಗಿಬಿಟ್ಟಿರುವುದು ಅವರಿಗೆ ಆಗ ನೆನಪಾಗುತ್ತಿತ್ತು. ಏಳು ಮನೆಗಳಲ್ಲಿ ಹೀಗೇ ಆಯಿತು.

ಎಂಟನೆಯದು ಗೌರಮ್ಮನವರ ಮನೆ. ಅರವತ್ತು ದಾಟಿದ ವಿಧವೆ. ಗಂಡ ಇದ್ದಾಗ ಮೆಕ್ಕೆಜೋಳದ ವ್ಯಾಪಾರವಿತ್ತಂತೆ. ಈಗ ಮುಂದಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆ ಬಾಡಿಗೆಗೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಎತ್ತಿಕೊಂಡಿದ್ದ ಮಗಳನ್ನು ಕೆಳಗಿಳಿಸಿ, ನಾನು ಆ ಪ್ರಶ್ನೆಗಾಗಿ ಕಾಯುತ್ತ ನಿಂತೆ. ಅವರು ಕೇಳಲೇ ಇಲ್ಲ. "ಮುಂಗಡ ಹತ್ತು ಸಾವಿರ, ತಿಂಗಳಿಗೆ ನಾಕೂವರಿ. ನೀರು ದಂಡ ಮಾಡಬಾರದು. ಆತೇನ್ರಿ?" ಎಂದರು. ನಾನು ಪ್ರಾಮಾಣಿಕತೆಯ ಭರದಲ್ಲಿ, "ಅಮ್ಮಾರ, ನಮ್ಮ ಪಗಾರ ಹಿಂದ ಮುಂದ ಆಕ್ಕೈತಿ. ಒಂದೊಂದು ತಿಂಗಳು ತಡ ಆದ್ರ..." ಎಂದೆ. "ಬಂದಾಗ ಕೊಡ್ರಿ. ನಾ ಕೇಳಾಕಿ ಅಲ್ಲ" ಎಂದರು.

ಬಾಡಿಗೆ ಕೊಡುವ ದಾರಿಗಳ ಬಗ್ಗೆ ಒಂದು ತಾಸು ಭಾಷಣ ಮಾಡಬಲ್ಲವನು ನಾನು. ಕೈಯಲ್ಲಿ ಕೊಡುವುದು, ಚೆಕ್ಕು, ಬ್ಯಾಂಕಿಗೆ ಕಟ್ಟುವುದು, ಫೋನು. ನಾನು ಫೋನಿನಲ್ಲೇ ಹಾಕುತ್ತೇನೆಂದೆ, ದಾಖಲೆ ಇರುತ್ತದಲ್ಲ! ಗೌರಮ್ಮನವರು ತಮ್ಮ ನಂಬರನ್ನು ಬಾಯಿಪಾಠ ಒಪ್ಪಿಸಿದರು. ಅದೇ ಹೊತ್ತಿಗೆ ಪಕ್ಕದ ಕೊಟ್ರೇಶನ ಹಿಟ್ಟಿನ ಗಿರಣಿ ಶುರುವಾಯಿತು. ಅವರು ಎಪ್ಪತ್ತಾರು ಎಂದರು. ನನಗೆ ಎಂಬತ್ತಾರು ಎಂದು ಕೇಳಿಸಿತು.

ಮೊದಲ ತಿಂಗಳು ದುಡ್ಡು ಹಾಕುವಾಗ ಫೋನಿನ ಮೇಲೆ 'ಶಿವಗಂಗಮ್ಮ' ಎಂಬ ಹೆಸರು ಬಂತು. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ನಮ್ಮ ಕಡೆ ಕರೆಯುವ ಹೆಸರೊಂದು, ಶಾಲೆಯ ಹೆಸರೊಂದು. ನಾನೇ ಮನೆಯಲ್ಲಿ ಚಿನ್ನಪ್ಪ, ಕಾಗದದಲ್ಲಿ ಪರಶುರಾಮ. ಗೌರಮ್ಮನವರ ಕಾಗದದ ಹೆಸರು ಶಿವಗಂಗಮ್ಮ ಇರಬೇಕು, ಎಷ್ಟು ಚೆಂದದ ಹೆಸರು ಎಂದುಕೊಂಡು ಕಳಿಸಿಬಿಟ್ಟೆ. ಏತಕ್ಕಾಗಿ ಎಂದು ಕೇಳುವ ಜಾಗದಲ್ಲಿ 'ಬಾಡಿಗೆ' ಎಂದು ಕನ್ನಡದಲ್ಲೇ ಬರೆದೆ. ಮೊದಲ ನಾಲ್ಕು ತಿಂಗಳು ನನ್ನ ಸಂಬಳವೂ ಎಂದಿಲ್ಲದಂತೆ ಸರಿಯಾದ ಹೊತ್ತಿಗೆ ಬಂತು. ಪ್ರತಿ ಐದನೇ ತಾರೀಕು ಬಾಡಿಗೆ ಹಾಕಿ, ಎದೆ ಸೆಟೆಸಿಕೊಂಡು ಗೌರಮ್ಮನವರ ಮುಂದೆ ಓಡಾಡಿದೆ.

ಎರಡನೇ ತಿಂಗಳಲ್ಲಿ ಒಂದು ದಿನ ಅವರು ಪಾಸ್‌ಬುಕ್ ಹಿಡಿದು ಬ್ಯಾಂಕಿನಿಂದ ಬರುತ್ತಿದ್ದರು. "ಅಮ್ಮಾರ, ಬಂತೇನ್ರಿ?" ಎಂದೆ. "ಬಂತು ನೋಡ್ರಿ, ಈ ಸಲ ಲಗೂನ ಹಾಕ್ಯಾರ" ಎಂದರು. ಅವರು ಹೇಳಿದ್ದು ತಮ್ಮ ವಿಧವಾ ಪಿಂಚಣಿಯ ಮಾತು ಎಂದು ತಿಳಿದದ್ದು ಬಹಳ ದಿನಗಳ ಮೇಲೆ.

ಆಮೇಲೆ ಶುರುವಾಯಿತು ನೋಡಿ ಉಪಚಾರ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ. ಮಧ್ಯಾಹ್ನ ಮಗಳಿಗೆ ಹಾಲು. ಶೇಂಗಾ ಚಟ್ನಿಪುಡಿಯ ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ಡಬ್ಬಿ. ಗಿರಣಿಗೆ ಜೋಳ ಒಯ್ದರೆ ಕೊಟ್ರೇಶ ದುಡ್ಡು ಮುಟ್ಟುತ್ತಿರಲಿಲ್ಲ. "ಇರ್ಲಿ ಬಿಡ್ರಿ ಸರ್. ಮುಂದ ನೋಡೋಣು. ಕಷ್ಟ ಯಾರಿಗಿಲ್ಲ?" ಎನ್ನುತ್ತಿದ್ದ. ಯಾವ ಕಷ್ಟ ಎಂದು ನನಗೆ ತಿಳಿಯಲಿಲ್ಲ. ಬಹುಶಃ ಅವನಿಗೇ ಏನೋ ಕಷ್ಟ ಇರಬೇಕು ಎಂದುಕೊಂಡು, "ಧೈರ್ಯ ತಗೋರಿ" ಎಂದು ನಾನೇ ಅವನ ಬೆನ್ನು ತಟ್ಟಿ ಬಂದೆ.

ಮೂರನೇ ತಿಂಗಳು ಕೊಟ್ರೇಶ ನನ್ನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದ. "ಬಾಡಿಗಿ ಮನ್ಯಾಗ ಇರೋರಿಗೆ ಏನೋ ಸಹಾಯ ಐತಂತ್ರಿ. ಅಮ್ಮಾರು ಕರಕೊಂಡು ಹೋಗು ಅಂದ್ರು" ಎಂದ. ಅಂಗಡಿಯವನು ನಾಲ್ಕು ಅರ್ಜಿಗಳನ್ನು ಮುಂದೆ ಹರವಿದ. ಒಂದು ನಿವೇಶನ ಇದ್ದವರು ಮನೆ ಕಟ್ಟಿಕೊಳ್ಳಲು, ಒಂದು ನಿವೇಶನ ಇಲ್ಲದವರು ನಿವೇಶನ ಕೇಳಲು; ಇನ್ನೆರಡು ಯಾವುದಕ್ಕೆಂದು ಅವನಿಗೂ ಗೊತ್ತಿರಲಿಲ್ಲ.

"ಈ ತಿಂಗಳ ಬಾಡಿಗಿ ಕಟ್ಟಾಕ ಆಗದೋರಿಗೆ ಯಾವುದ್ರಿ?" ಎಂದು ಕೊಟ್ರೇಶ ಕೇಳಿದ.

"ಅಂಥಾದ್ದು ಇದ್ರ ಮೊದಲ ನಾನ ಹಾಕ್ತಿದ್ನಿ. ಈ ಅಂಗಡೀನೂ ಬಾಡಿಗೀದ ಐತಿ" ಎಂದ ಅಂಗಡಿಯವನು.

ನಾನು ನಿವೇಶನದ ಅರ್ಜಿ ಹಿಡಿದು ಮನೆಗೆ ಬಂದೆ. ಸುಜಾತಾ ಅದನ್ನು ತಿರುವಿ ನೋಡಿದಳು. "ನಿಮಗಿನ್ನೂ ತಿಳೀವಲ್ದೇನು? ನಾವು ಮನಿ ಬಿಡಬೇಕಂತ ಅವ್ರ ಮನಸಿನ್ಯಾಗ. ಬಾಯಿಬಿಟ್ಟು ಹೇಳಾಕ ಆಗವಲ್ದು. ಅದಕ್ಕ ಸ್ವಂತ ಮನಿ ಮಾಡ್ಕೋರಿ ಅಂತ ಅರ್ಜಿ ಕೊಡಸ್ಯಾರ. ಯಾರೋ ನಮ್ಮ ಸುದ್ದಿ ಹೇಳಿರಬೇಕು" ಎಂದಳು.

"ಮತ್ತ ರೊಟ್ಟಿ?"

"ಕಳಿಸಿಕೊಡೋವಾಗ ಉಣಿಸಿ ಕಳಸ್ತಾರ."

ಅಂದಿನಿಂದ ರೊಟ್ಟಿಯ ತಟ್ಟೆ ದೊಡ್ಡದಾದಷ್ಟೂ ನಮಗೆ ಭಯ ಹೆಚ್ಚಾಯಿತು. ನೀರು ದಂಡವಾದೀತೆಂದು ಮಗಳ ಸ್ನಾನಕ್ಕೂ ಅಳೆದು ನೀರು ಹಾಕಿದೆವು. ಮತ್ತೆ ಏಳು ಬಾಗಿಲುಗಳ ಮುಂದೆ ನಿಂತು ಆ ಪ್ರಶ್ನೆಗೆ ಉತ್ತರ ಹೇಳುವುದನ್ನು ನೆನೆದರೆ ಪಾಠದ ನಡುವೆಯೂ ನನಗೆ ಮಾತು ತಪ್ಪುತ್ತಿತ್ತು. ಒಂದು ದಿನ 'ಠೇವಣಿ' ಎನ್ನುವಲ್ಲಿ 'ಬಾಡಿಗೆ' ಎಂದುಬಿಟ್ಟೆ. ವಿದ್ಯಾರ್ಥಿಗಳು ಹಾಗೆಯೇ ಬರೆದುಕೊಂಡರು.

ನಾಲ್ಕನೇ ತಿಂಗಳ ಕೊನೆಗೆ ಮನೆಯ ಬೋರಿನ ಮೋಟರು ಸುಟ್ಟುಹೋಯಿತು. ಮರುದಿನ ಬೆಳಿಗ್ಗೆ ಗೌರಮ್ಮ ಬಂದು ನಮ್ಮ ಬಾಗಿಲಲ್ಲಿ ನಿಂತರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನೆಲ ನೋಡುತ್ತಿದ್ದರು. ಬಂತು ಗಳಿಗೆ ಎಂದು ಸುಜಾತಾ ನನ್ನ ಕಡೆ ನೋಡಿದಳು.

"ಮೇಷ್ಟ್ರೇ, ಕೇಳಬಾರದು, ಕೇಳಾಕ ಬಂದೀನಿ. ಸಿಟ್ಟಾಗಬ್ಯಾಡ್ರಿ."

"ಹೇಳ್ರಿ ಅಮ್ಮಾರ. ನಾವು ತಯಾರದೀವಿ. ಒಂದು ತಿಂಗಳು ಟೈಮ್ ಕೊಟ್ರ ಸಾಕು."

"ಒಂದು ತಿಂಗಳದ್ದ ಕೊಡ್ರಿ ಸಾಕು ನನಗೂ. ಉಳಿದ ಮೂರು ತಿಂಗಳದ್ದು ನಿಧಾನಕ್ಕ ಕೊಡುವಂತ್ರಿ."

"ಏನದು ಮೂರು ತಿಂಗಳದ್ದು?"

"ಬಾಡಿಗೀರಿ."

ನಾನು, ಸುಜಾತಾ ಮುಖ ಮುಖ ನೋಡಿಕೊಂಡೆವು. "ಅಮ್ಮಾರ, ಪ್ರತಿ ತಿಂಗಳು ಐದನೇ ತಾರೀಕಿಗೆ ಹಾಕೀನಲ್ರಿ!" ಎಂದೆ. ಗೌರಮ್ಮನವರ ಮುಖದ ಮೇಲೆ ಕಂಡದ್ದು ಸಿಟ್ಟಲ್ಲ, ಮರುಕ. ಕಷ್ಟದಲ್ಲಿ ಮನುಷ್ಯನಿಗೆ ಹೀಗೂ ಆಗುತ್ತದೆ ಎಂಬಂತೆ ತಲೆಯಾಡಿಸಿದರು. ರೊಟ್ಟಿ, ಹಿಟ್ಟು, ಅರ್ಜಿ ಎಲ್ಲ ಈ ಮರುಕದ್ದೇ ಎಂದು ನನಗೆ ಆಗ ಹೊಳೆಯಿತು. ನಾನು ಫೋನು ತಂದೆ, ಅವರು ಪಾಸ್‌ಬುಕ್ ತಂದರು. ನನ್ನ ಫೋನಿನಲ್ಲಿ ನಾಲ್ಕು ಸಲ ಹೋಗಿದೆ. ಅವರ ಪುಸ್ತಕದಲ್ಲಿ ಒಂದು ಸಲವೂ ಬಂದಿಲ್ಲ. ಇಬ್ಬರೂ ಸತ್ಯವಂತರು. ಹಾಗಾದರೆ ದುಡ್ಡು?

"ನಿಮ್ಮ ಹೆಸರು ಶಿವಗಂಗಮ್ಮ ಅಲ್ಲೇನ್ರಿ?" ಎಂದು ನಾನು ಕೇಳಿದೆ.

"ನಾ ಹುಟ್ಟಿದಾಗಿನಿಂದ ಗೌರಮ್ಮನ ಅದೀನಿ. ಶಿವಗಂಗಮ್ಮ ಯಾರ್ರಿ?"

ಬ್ಯಾಂಕಿನಲ್ಲಿ ಅರ್ಜಿ ಬರೆದುಕೊಡಿ ಎಂದರು. ಪಡೆದವರು ಒಪ್ಪಿದರೆ ವಾಪಸು ಬರುತ್ತದೆ ಎಂದರು. ಪಡೆದವರು ಯಾರು, ಎಲ್ಲಿಯವರು ಎಂದು ಹೇಳಲಿಲ್ಲ. ನಾನೇ ಆ ನಂಬರಿಗೆ ಫೋನು ಮಾಡಿದೆ. "ಅಮ್ಮಾರ, ನಿಮ್ಮ ಖಾತೆಗೆ ತಪ್ಪಿ ನನ್ನ ದುಡ್ಡು ಬಂದೈತ್ರಿ" ಎನ್ನುತ್ತಿದ್ದಂತೆ ಆ ಕಡೆಯ ಹೆಂಗಸು ಹರಿಹಾಯ್ದಳು: "ಆಮ್ಯಾಲೆ ಓಟಿಪಿ ಹೇಳು ಅಂತೀಯೇನು? ನಿಮ್ಮಂಥಾರ ಸುದ್ದಿ ದಿನಾ ಕೇಳ್ತೀನಿ. ದುಡಕೊಂಡು ತಿನ್ನಲೇ!" ಫೋನು ಇಟ್ಟಳು. ನಾನು ಇನ್ನೊಮ್ಮೆ ಮಾಡಿದಾಗ ಪೊಲೀಸರಿಗೆ ಹಿಡಿದುಕೊಡುವುದಾಗಿ ಹೇಳಿದಳು. ನನ್ನ ದುಡ್ಡು ಹೋಗಿ ನಾನೇ ಕಳ್ಳನಾದೆ.

ಗೌರಮ್ಮನವರು ತಮ್ಮ ಫೋನಿನಿಂದ ಮಾತಾಡಿದರು. "ತಂಗೀ, ನಾನು ಹರಪನಹಳ್ಳಿಯಿಂದ ಮಾತಾಡ್ತೀನಿ. ನಿಂದೂ ನಂದೂ ನಂಬರು ಅಕ್ಕತಂಗಿ ಇದ್ದಂಗ ಅದಾವ. ನನಗ ಬರೋ ಬಾಡಿಗಿ ನಿನಗ ಬಂದೈತೇನು ನೋಡವ್ವ" ಎಂದರು. ಆ ಕಡೆಯಿಂದ ಸಣ್ಣಗೆ, "ಕೊಟ್ಟೂರಿಗೆ ಬರ್ರಿ" ಎಂದಿತು ದನಿ.

ಭಾನುವಾರ ಗೌರಮ್ಮ, ನಾನು ಬಸ್ಸು ಹತ್ತಿದೆವು. ಶಿವಗಂಗಮ್ಮ ಐವತ್ತರ ಆಸುಪಾಸಿನವಳು. ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಬ್ಬಳೇ. ಸಂದಿಯ ಕೊನೆಗೆ ಒಂದು ಖೋಲಿ, ಅದಕ್ಕೆ ಕಿಟಕಿ ಇರಲಿಲ್ಲ. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ತಾನು ಒಲೆಯ ಹತ್ತಿರ ಕುಳಿತಳು.

"ನಾಕೈದು ತಿಂಗಳ ಹಿಂದ ಒಬ್ಬಾತ ಬಂದಿದ್ದ್ರಿ. ಬಾಡಿಗಿ ಮನ್ಯಾಗ ಇರೋ ಒಂಟಿ ಹೆಂಗಸರಿಗೆ ಸರಕಾರದಿಂದ ಬಾಡಿಗಿ ಬರತೈತಿ ಅಂತ ಮುನ್ನೂರು ತಗಂಡು ಅರ್ಜಿ ತುಂಬಿದ. ನಂಬಿದ್ದಿಲ್ಲ ನಾನು. ಆದ್ರ ಮುಂದಿನ ಐದನೇ ತಾರೀಕಿಗೆ ಬಂತ್ರಿ ದುಡ್ಡು. ನಮ್ಮ ಶಾಲಿ ಮಗೀನ ಕೈಯಾಗ ಓದಿಸಿದ್ನಿ. 'ಬಾಡಿಗೆ' ಅಂತ ಬರದೈತಿ ಅಂತು."

ನನಗೆ ಚಾಪೆಯೊಳಗೆ ಇಳಿದುಹೋಗುವಂತಾಯಿತು. ಕನ್ನಡದ ಮೇಲಿನ ಅಭಿಮಾನದಿಂದ ನಾನು ಬರೆದ ಒಂದೇ ಪದ ಅವಳಿಗೆ ಸರಕಾರದ ಆದೇಶವಾಗಿತ್ತು.

"ಈ ಖೋಲಿಗೆ ಎರಡೂವರಿ ಸಾವಿರ. ಅಷ್ಟು ಕಟ್ಟೀನಿ. ಬಂದದ್ದು ನಾಕೂವರಿ. ಹೆಚ್ಚು ಹಾಕ್ಯಾರ, ಎಂದಾರ ವಾಪಸ್ ಕೇಳ್ತಾರ ಅಂತ ಉಳಿದದ್ದು ಮುಟ್ಟಿಲ್ಲ" ಎಂದು ಎದ್ದು, ಬಟ್ಟೆಯ ಗಂಟಿನಿಂದ ಎಂಟು ಸಾವಿರ ತೆಗೆದು ನನ್ನ ಮುಂದೆ ಇಟ್ಟಳು. "ಉಳಿದ ಹತ್ತು ತೀರಸ್ತೀನಿ. ತಿಂಗಳಿಗೆ ಐದುನೂರರಂಗ." ಅಷ್ಟು ಹೇಳಿದವಳು ಒಮ್ಮೆಲೇ ನನ್ನ ಮೇಲೆ ಸಿಟ್ಟಾದಳು. "ಓದಿದೋರು ನೀವು! ಯಾರಿಗೆ ಹಾಕ್ತೀವಿ ಅಂತ ನೋಡಬಾರದೇನ್ರಿ? ಕಷ್ಟನ ಚಲೋ ಇತ್ತು. ರೂಢಿ ಆಗಿತ್ತು. ಸರಕಾರ ನನ್ನ ಹೆಸರು ಬಲ್ಲದು ಅಂತ ನಾಕು ತಿಂಗಳು ಎಷ್ಟು ಧೈರ್ಯದಾಗ ಇದ್ನಿ ಗೊತ್ತೇನು ನಿಮಗ?"

ತಪ್ಪು ನನ್ನದೋ, ಗಿರಣಿಯದೋ, ಆ ಮುನ್ನೂರು ಇಸಿದುಕೊಂಡವನದೋ? "ತಪ್ಪಾತ್ರಿ" ಎಂದೆ. ದುಡ್ಡು ಕೊಟ್ಟವನು ಕ್ಷಮೆ ಕೇಳುವುದು ಯಾವ ಅರ್ಥಶಾಸ್ತ್ರದಲ್ಲೂ ಇಲ್ಲ.

ಗೌರಮ್ಮ ಅಷ್ಟು ಹೊತ್ತೂ ಗೋಡೆಗಳನ್ನು ನೋಡುತ್ತಿದ್ದರು. "ಇದಕ್ಕ ಎರಡೂವರಿ? ಗಾಳಿ ಎಲ್ಲಿಂದ ಬರಬೇಕು? ನಿಮ್ಮ ಮನಿ ಮಾಲಕರು ಎಲ್ಲದಾರ ತೋರಿಸು, ನಾ ಮಾತಾಡ್ತೀನಿ. ನಾನೂ ಮನಿ ಬಾಡಿಗಿಗೆ ಕೊಟ್ಟಾಕಿನ ಅದೀನಿ" ಎಂದು ಎದ್ದೇಬಿಟ್ಟರು.

ಶಿವಗಂಗಮ್ಮ ಅವರ ಕೈ ಹಿಡಿದುಕೊಂಡಳು. "ಬ್ಯಾಡ್ರಿ ಅಕ್ಕಾರ. ಕೈ ಮುಗೀತೀನಿ. ಮನಿ ಬಿಡು ಅಂದ್ರ ಎಲ್ಲಿ ಹೋಗ್ಲಿ?"

ಗೌರಮ್ಮ ಮೆಲ್ಲಗೆ ಕುಳಿತರು. ಹೊರಡುವಾಗ ಶಿವಗಂಗಮ್ಮ ಮಿರ್ಚಿ ಕರಿದು ಕೊಟ್ಟಳು. ಬೇಡ ಎನ್ನಲು ಧೈರ್ಯವಾಗದೆ ತಿಂದೆವು. ನನ್ನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಎಲ್ಲರೂ ಒಪ್ಪಿಕೊಂಡೆವು.

ದುಡ್ಡು ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಂಟು ಸಾವಿರ ಗೌರಮ್ಮನವರಿಗೆ ಹೋಯಿತು, ಮೋಟರು ರಿಪೇರಿಯಾಯಿತು. ಉಳಿದದ್ದನ್ನು ಹೇಗಾದರೂ ಮಾಡಿ ಒಟ್ಟಿಗೆ ಕೊಡುತ್ತೇನೆ ಎಂದು ನಾನು ಹಟ ಮಾಡಿದೆ. ಅವರು ಕೇಳಲಿಲ್ಲ. "ಆಕಿ ನಿಮಗ ಕೊಟ್ಟಂಗ ನೀವು ನನಗ ಕೊಡ್ರಿ" ಎಂದರು. ಶಿವಗಂಗಮ್ಮ ಒಂದು ತಿಂಗಳು ಕಳಿಸುತ್ತಿದ್ದಳು, ಎರಡು ತಿಂಗಳು ಇಲ್ಲ, ಮತ್ತೆ ಬಿಸಿಯೂಟದ ಸಂಬಳ ಬಂದಾಗ ಒಮ್ಮೆಲೇ ಸಾವಿರ. ಎರಡು ವರ್ಷ ಹಿಡಿಯಿತು, ಪೂರ್ತಿ ತೀರಿಸಿದಳು.

ಅವತ್ತು ಕೊಟ್ಟೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಗೌರಮ್ಮ ಕಿಟಕಿಯ ಕಡೆ ಕುಳಿತಿದ್ದರು. ಹೊಲಗಳನ್ನು ನೋಡುತ್ತ, "ಮೇಷ್ಟ್ರೇ, ಅವತ್ತು ನಾ ಬಾಗಿಲಿಗೆ ಬಂದಾಗ, ನಾವು ತಯಾರದೀವಿ, ಟೈಮ್ ಕೊಡ್ರಿ ಅಂದ್ರಲ್ಲ. ಏನಂದಂಗಾತು ಅದು?" ಎಂದರು.

ಸುಳ್ಳು ಹೇಳಬಹುದಿತ್ತು. ಶಿವಗಂಗಮ್ಮ ಕೈಮುಗಿದದ್ದನ್ನು ನೋಡಿ ಬಂದಿದ್ದಕ್ಕೋ ಏನೋ, ಎಲ್ಲ ಹೇಳಿಬಿಟ್ಟೆ. ಏಳು ಮನೆ ತಿರುಗಿದ್ದು, ಅಲ್ಲಿ ಕೇಳುತ್ತಿದ್ದ ಪ್ರಶ್ನೆ, ಅದನ್ನು ಕೇಳದ ಮನೆ ಇದೊಂದೇ ಎಂದು ನಾವು ಉಸಿರು ಬಿಟ್ಟದ್ದು, ನಿವೇಶನದ ಅರ್ಜಿ ಬಂದಾಗ ನಮ್ಮ ಸುದ್ದಿ ತಿಳಿದು ಮನೆ ಬಿಡಿಸುತ್ತಿದ್ದಾರೆ ಎಂದು ಹೆದರಿದ್ದು. ಗೌರಮ್ಮ ತಿರುಗಿ ನೋಡಲಿಲ್ಲ.

"ನಾನೂ ಕೇಳಬೇಕಂತನ ಇದ್ನಿ, ಮೇಷ್ಟ್ರೇ. ಸುಳ್ಳು ಯಾಕ ಹೇಳ್ಲಿ? ಬಾಯಿಗೆ ಬಂದಿತ್ತು. ಅಷ್ಟೊತ್ತಿಗೆ ನಿಮ್ಮ ಕೂಸು ಬಂದು ನನ್ನ ತೊಡಿ ಮ್ಯಾಲೆ ಕುಂತಿತು. ಮರತೆ. ಆಮ್ಯಾಲೆ ನೆನಪಾತು. ಅಷ್ಟೊತ್ತಿಗೆ ಮುಂಗಡ ಇಸಗೊಂಡಿದ್ನಿ."

ನನಗೆ ಏನನ್ನಿಸಬೇಕೋ ತಿಳಿಯಲಿಲ್ಲ. ನೋವಾಯಿತೇ? ಆಯಿತು. ಅದನ್ನು ಮುಚ್ಚಿಡದೆ ಹೇಳಿದರಲ್ಲ ಎಂದು ಹಗುರವೂ ಆಯಿತು. ಇವರು ಒಳ್ಳೆಯವರೋ, ಅವತ್ತು ಮಗಳು ಅವರ ತೊಡೆಗೆ ಹೋದದ್ದು ನಮ್ಮ ಪುಣ್ಯವೋ? ಇವತ್ತಿಗೂ ನನಗೆ ಗೊತ್ತಾಗಿಲ್ಲ.

"ಈಗ ಕೇಳ್ಲೇನ್ರಿ ಒಂದು ಮಾತು?" ಎಂದರು ಗೌರಮ್ಮ.

"ಕೇಳ್ರಿ" ಎಂದೆ.

"ತಂಬ್ರಹಳ್ಯಾಗ ನಿಮ್ಮವ್ವ ಅದಾರೇನು?"

"ಅದಾಳ್ರಿ."

"ಮನಿ ಮಾಡಿ ನಾಕು ತಿಂಗಳಾತು. ಒಂದು ಸಲನೂ ಬಂದಿಲ್ಲಲ್ಲ?"

ಅವ್ವ ಬರುತ್ತೇನೆ, ಮೊಮ್ಮಗಳನ್ನು ನೋಡಬೇಕು ಎಂದು ಪ್ರತಿ ವಾರ ಫೋನು ಮಾಡುತ್ತಿದ್ದಳು. ಬೇಡ ಎಂದದ್ದು ನಾನು. ಅವಳು ಎದುರು ಸಿಕ್ಕವರ ಹತ್ತಿರ ಎರಡೇ ನಿಮಿಷದಲ್ಲಿ ತನ್ನ ಕೇರಿ, ತನ್ನ ಕೂಲಿ, ತನ್ನ ತವರು ಎಲ್ಲವನ್ನೂ ನಗುತ್ತ ಹೇಳಿಕೊಳ್ಳುವವಳು. ಒಂದು ಮನೆ ಉಳಿಸಿಕೊಳ್ಳಲು ನಾನು ನನ್ನ ಅವ್ವನನ್ನು ನಾಲ್ಕು ತಿಂಗಳು ದೂರ ಇಟ್ಟಿದ್ದೆ.

ನಾನು ತಲೆ ತಗ್ಗಿಸಿದ್ದನ್ನು ನೋಡಿ ಗೌರಮ್ಮನವರಿಗೆ ಎಷ್ಟು ತಿಳಿಯಿತೋ ಏನೋ. "ಬರೋ ಐತವಾರ ಕರಕೊಂಡು ಬರ್ರಿ" ಎಂದಷ್ಟೇ ಹೇಳಿ, ಸೆರಗು ಹೊದ್ದು ಕಣ್ಣು ಮುಚ್ಚಿದರು.

ಅವ್ವ ಎರಡು ದಿನಕ್ಕೆಂದು ಬಂದಳು. ಹನ್ನೊಂದು ದಿನ ಇದ್ದಳು. ಹಗಲೆಲ್ಲ ಮುಂದಿನ ಪಡಸಾಲೆಯಲ್ಲಿ ಗೌರಮ್ಮನವರ ಜೊತೆ ಕುಳಿತು ಅವರೆ ಬಿಡಿಸುತ್ತ ಮಾತಾಡುತ್ತಿದ್ದಳು. ಏನು ಮಾತಾಡುತ್ತಾರೋ ಎಂದು ನಾನು ಒಳಗಿನಿಂದ ಕಿವಿಗೊಟ್ಟೆ. ಗಿರಣಿಯ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ; ಆಗಾಗ ಇಬ್ಬರೂ ಜೋರಾಗಿ ನಗುವುದು ಮಾತ್ರ ಕೇಳಿಸುತ್ತಿತ್ತು.